ಸಂದಿ ತುಂಬುವವಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಇಪ್ಪತ್ತು ವರ್ಷ ಬೇರೆಯವರ ಹೂವಿನ ಸುತ್ತ ಎಲೆ ಬರೆದುಕೊಂಡು ಕೂತವಳ ಮೂಗು ಇನ್ನು ಹೇಗಿರಬೇಕು, ನೀವೇ ಹೇಳಿ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನೀವು ಹಾಸಿಕೊಳ್ಳುವ ಬೆಡ್‌ಶೀಟಿನ ಮೇಲೆ, ಕಿಟಕಿಯ ಪರದೆಯ ಮೇಲೆ ಹೂವೋ ಹಕ್ಕಿಯೋ ಇರುತ್ತದಲ್ಲ, ಅದನ್ನು ಇಡೀ ಥಾನಿನ ಉದ್ದಕ್ಕೂ ಯಾರೂ ಕೂತು ಬರೆಯುವುದಿಲ್ಲ. ಒಂದು ಚೌಕ ಬರೆಯುತ್ತಾರೆ. ಅದೇ ಚೌಕ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮತ್ತೆ ಮತ್ತೆ ಅಚ್ಚಾಗುತ್ತ ಹೋಗುತ್ತದೆ. ಬಲಗಡೆ ಅರ್ಧಕ್ಕೆ ಕತ್ತರಿಸಿಹೋದ ಎಲೆಯ ಇನ್ನರ್ಧ ಎಡಗಡೆಯಿಂದ ಬಂದು ಸರಿಯಾಗಿ ಕೂಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಬಟ್ಟೆಯ ಉದ್ದಕ್ಕೂ ಒಂದು ಗೆರೆ ಎದ್ದು ಕಾಣುತ್ತದೆ. ಹೀಗೆ ಕೂಡಿಸುವುದಕ್ಕೆ ನಮ್ಮ ಮಿಲ್ಲಿನಲ್ಲಿ ಜೋಡಣೆ ಅನ್ನುತ್ತಿದ್ದರು. ಡಿಸೈನ್ ಕೋಣೆಯಲ್ಲಿ ಹೂವು ಬರೆಯುವವರು ಮೇಷ್ಟ್ರು, ಜೋಡಿಸುವವಳು ನಾನು. ಮೇಷ್ಟ್ರು ಮನಸ್ಸು ಬಂದ ಕಡೆ ಹೂವು ಇಟ್ಟು ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ಜೋಡಿಸಿ ನೋಡಿದರೆ ಹೂವಿಗೂ ಹೂವಿಗೂ ನಡುವೆ ಬೋಳು ಬೋಳು ಸಂದಿ. ಆ ಸಂದಿಗಳಲ್ಲಿ ಒಂದು ಚಿಗುರು, ಎರಡು ಮೊಗ್ಗು, ಒಂದು ಬಳುಕಿದ ಕಡ್ಡಿ ಬರೆದು ತುಂಬುವುದೂ ನನ್ನ ಪಾಲಿಗೇ ಬರುತ್ತಿತ್ತು. ಅಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ನಾನು "ಸಂದಿ ಅಕ್ಕ".

ಬಟ್ಟೆಯ ಅಂಚಿನಲ್ಲಿ ಎರಡು ಬೆರಳಗಲದ ಬಿಳಿ ಪಟ್ಟಿಯೊಂದು ಇರುತ್ತದೆ, ನೀವು ಗಮನಿಸಿರಲಾರಿರಿ. ಅದರ ಮೇಲೆ ಮಿಲ್ಲಿನ ಹೆಸರು, ಬಳಸಿದ ಬಣ್ಣಗಳ ಸಾಲುಚುಕ್ಕೆ, ಆಮೇಲೆ "ವಿನ್ಯಾಸ" ಎಂದು ಬರೆದು ಅದರ ಮುಂದೆ ಮೇಷ್ಟ್ರ ಹೆಸರು. ನನ್ನ ಹೆಸರು ಅಲ್ಲಿ ಒಮ್ಮೆಯೂ ಬಂದಿಲ್ಲ. ಬರಬೇಕು ಎಂದು ಬಾಯಿಬಿಟ್ಟು ಕೇಳಿಯೂ ಇರಲಿಲ್ಲ, ಅದು ನನ್ನದೇ ತಪ್ಪು.

ಆ ಪಟ್ಟಿಯ ಮೇಲೆ ನನ್ನ ಪರವಾಗಿ, ತಮಗೇ ಗೊತ್ತಿಲ್ಲದೆ, ಸೇಡು ತೀರಿಸಿಕೊಳ್ಳುತ್ತಿದ್ದವರು ಒಬ್ಬರೇ, ನಮ್ಮ ಅತ್ತೆ. ಅತ್ತೆ ದರ್ಜಿ. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಅವರ ಬಲಗಾಲಿಗೆ ಈಗಲೂ ಸುಮ್ಮನಿರಲು ಬರುವುದಿಲ್ಲ, ಊಟಕ್ಕೆ ಕೂತರೂ ಪೆಡಲ್ ತುಳಿಯುತ್ತಿರುತ್ತದೆ. ಯಾವ ಬಟ್ಟೆ ಮನೆಗೆ ಬಂದರೂ ಅವರು ಮಾಡುವ ಮೊದಲ ಕೆಲಸ ಆ ಅಂಚನ್ನು ಕತ್ತರಿಸಿ ತೆಗೆಯುವುದು. "ಅಂಚು ಬಿಗಿ, ಮೈ ಸಡಿಲ. ಬಿಟ್ರೆ ತೊಳೆದ ಮೇಲೆ ಎಳ್ಕೊಂಡು ಇಡೀ ಬಟ್ಟೆ ಸುಕ್ಕು ಮಾಡತ್ತೆ. ಅಂಚು ಕತ್ತರಿಸದೆ ಹೊಲಿಯೋನು ದರ್ಜಿನೇ ಅಲ್ಲ" ಎನ್ನುತ್ತಾರೆ. ಕತ್ತರಿಸಿದ ಪಟ್ಟಿಗಳಿಂದ ಬಾಲ್ಕನಿಯ ಕುಂಡದಲ್ಲಿರುವ ಬೀನ್ಸ್ ಬಳ್ಳಿಯನ್ನು ಕಡ್ಡಿಗೆ ಕಟ್ಟುತ್ತಾರೆ. ಮೇಷ್ಟ್ರ ಹೆಸರು ಹೊತ್ತ ಪಟ್ಟಿ ಬೀನ್ಸಿಗೆ ಸುತ್ತಿಕೊಂಡು ಬಿಸಿಲಿನಲ್ಲಿ ಬಣ್ಣಗೆಡುವುದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಮೇಷ್ಟ್ರು ಕೆಟ್ಟವರೇನಲ್ಲ, ಪಾಪ. ಆದರೂ ಖುಷಿಯಾಗುತ್ತಿತ್ತು.

ಮೇಷ್ಟ್ರು ನಿವೃತ್ತರಾದ ಎರಡನೆಯ ವರ್ಷ ಮಿಲ್ಲಿನವರು ಡಿಸೈನ್ ಕೋಣೆಗೇ ಬೀಗ ಹಾಕಿದರು. ಹೊರಗಿನಿಂದ ಸಿದ್ಧ ವಿನ್ಯಾಸಗಳು ಸಿಗುವಾಗ ಕೋಣೆ ಏಕೆ, ಕುರ್ಚಿ ಏಕೆ, ಸಂದಿ ಅಕ್ಕ ಏಕೆ ಎಂದು ಅವರಿಗೆ ಅನ್ನಿಸಿತಂತೆ. ನಾನು ನನ್ನ ಕುಂಚಗಳನ್ನೂ ಟೀ ಲೋಟವನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಒಂದು ವಾರ ಪಾತ್ರೆಗಳ ಮೇಲೆ ಕೋಪ ತೀರಿಸಿಕೊಂಡೆ. ಎಂಟನೆಯ ದಿನ ಮಗಳು ಕಾಲೇಜಿನಿಂದ ಬಂದವಳೇ ಫೋನನ್ನು ನನ್ನ ಮೂಗಿಗೆ ಹಿಡಿದಳು. ಪರದೆ, ಹೊದಿಕೆ, ದಿಂಬಿನ ಚೀಲ ಮಾಡುವ ಕಂಪನಿಯೊಂದಕ್ಕೆ ಡಿಸೈನರ್ ಬೇಕಾಗಿತ್ತು. ಅವಳು ನನಗೆ ಹೇಳದೆ ಕೇಳದೆ ನನ್ನ ಹೆಸರಿನಲ್ಲಿ ಅರ್ಜಿ ಹಾಕಿಬಿಟ್ಟಿದ್ದಳು. ಉತ್ತರವೂ ಬಂದಿತ್ತು: ಮೂರು ವಾರ ಬಿಟ್ಟು ಸೋಮವಾರ ಸಂದರ್ಶನ, ಪೋರ್ಟ್‌ಫೋಲಿಯೋ ತರಬೇಕು, ಅದರಲ್ಲಿ ಹನ್ನೆರಡು ವಿನ್ಯಾಸ, ಎಲ್ಲವೂ ನಿಮ್ಮ ಸ್ವಂತದ್ದಾಗಿರಬೇಕು.

"ನನ್ನ ಸ್ವಂತದ್ದು ಅಂತ ಏನಿದೆಯೇ ಮಣ್ಣು! ಇಪ್ಪತ್ತು ವರ್ಷ ಮಾಡಿದ್ದೆಲ್ಲ ಮಿಲ್ಲಿಂದು" ಎಂದು ಹಾರಾಡಿದೆ.

"ಇಲ್ದಿದ್ರೆ ಮಾಡು. ಮೂರು ವಾರ ಇದೆಯಲ್ಲ" ಅಂದಳು ಮಗಳು. ಅವಳಿಗೆ ಹತ್ತೊಂಬತ್ತು. ಆ ವಯಸ್ಸಿನಲ್ಲಿ ಮೂರು ವಾರ ಎಂದರೆ ಮೂರು ಜನ್ಮ.

ಹಾರಾಡಿದ್ದೇನೋ ಸರಿ, ಆದರೆ ಬೇಡ ಅನ್ನಲು ಮನಸ್ಸು ಬರಲಿಲ್ಲ. ನನಗೆ ಬೇಕಾಗಿದ್ದು ಒಂದೇ ಒಂದು. ನಲವತ್ತನಾಲ್ಕು ತುಂಬಿದ ಮೇಲಾದರೂ ಯಾವುದಾದರೂ ಒಂದು ಬಟ್ಟೆಯ ಅಂಚಿನಲ್ಲಿ "ವಿನ್ಯಾಸ" ಅನ್ನುವುದರ ಮುಂದೆ ನನ್ನ ಹೆಸರು ಅಚ್ಚಾಗಬೇಕು. ಇದನ್ನು ನಾನು ಯಾರ ಮುಂದೆಯೂ ಹೇಳಲಿಲ್ಲ. ಹೇಳಿದರೆ ಅತ್ತೆ, ಅದನ್ನೂ ಬೀನ್ಸಿಗೆ ಕಟ್ತೀನಿ ಅನ್ನುತ್ತಿದ್ದರು.

ಊಟದ ಮೇಜು ನನ್ನದಾಯಿತು. ಮನೆಯವರೆಲ್ಲ ತಟ್ಟೆ ಹಿಡಿದುಕೊಂಡು ಸೋಫಾದ ಮೇಲೆ, ಮೆಟ್ಟಿಲ ಮೇಲೆ, ಫ್ರಿಜ್ಜಿಗೆ ಒರಗಿ ನಿಂತು ಊಟ ಮಾಡಿದರು. ನನ್ನ ಗಂಡ ಬಣ್ಣದ ಅಂಗಡಿಯಲ್ಲಿ ಗೋಡೆಯ ಪೇಂಟು ಬೆರೆಸುವವರು. ಅವರಿಗೆ ಜಗತ್ತಿನ ಬಣ್ಣಗಳೆಲ್ಲ ನಂಬರಿನಲ್ಲೇ ಗೊತ್ತು. ನಾನು ಕುಂಚ ಹಿಡಿದಾಗ ಹಿಂದೆ ಬಂದು ನಿಂತು, "ಅದು ತಿಳಿ ಹಸಿರಲ್ಲ ಕಣೇ, ಮುನ್ನೂರ ಹನ್ನೆರಡು" ಎನ್ನುತ್ತಿದ್ದರು. "ನಿಮ್ಮ ಮುನ್ನೂರ ಹನ್ನೆರಡನ್ನ ಅಂಗಡೀಲೇ ಬಿಟ್ಟು ಬನ್ನಿ" ಎಂದು ನಾನು ಗದರುತ್ತಿದ್ದೆ. ಅವರು ನಕ್ಕು ಕುಂಚ ತೊಳೆದ ನೀರು ಬದಲಾಯಿಸಿಕೊಡುತ್ತಿದ್ದರು.

ಅಗಲವಾದ ಕಾಡೆಲೆಗಳದ್ದೊಂದು ಮಾಡಿದೆ, ಏಕೆಂದರೆ ಆ ವರ್ಷ ಅಂಗಡಿಗಳಲ್ಲೆಲ್ಲ ಕಾಡೆಲೆ. ನಿಂಬೆಹಣ್ಣಿನದ್ದು ಮಾಡಿದೆ. ಮಕ್ಕಳ ಕೋಣೆಗೆಂದು ಟೋಪಿ ಹಾಕಿದ ನರಿ. ತ್ರಿಕೋನಗಳು, ಅಲೆಗಳು, ಶಾಯಿ ಚೆಲ್ಲಿದಂಥ ಕಲೆಗಳು. ಮಗಳು ಒಂದೊಂದನ್ನೂ ಸ್ಕ್ಯಾನ್ ಮಾಡಿ, ನಾಲ್ಕು ನಾಲ್ಕು ಪ್ರತಿ ತೆಗೆದು ಗೋಡೆಗೆ ಅಂಟಿಸುತ್ತಿದ್ದಳು. ನಮ್ಮ ಕಸುಬಿನವರು ವಿನ್ಯಾಸವನ್ನು ಹತ್ತಿರದಿಂದ ನೋಡುವುದಿಲ್ಲ. ಗೋಡೆಗೆ ಅಂಟಿಸಿ, ಆದಷ್ಟು ದೂರ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡುತ್ತಾರೆ. ಆಗ ಹೂವು ಎಲೆ ಎಲ್ಲ ಮಾಯವಾಗಿ, ಜೋಡಣೆಯಲ್ಲಿ ಎಲ್ಲಿ ಗೆರೆ ಬಿದ್ದಿದೆ, ಎಲ್ಲಿ ತೂತು ಬಿದ್ದಿದೆ ಅನ್ನುವುದಷ್ಟೇ ಕಾಣುತ್ತದೆ. ನಾನು ಹಿಂದೆ ಹಿಂದೆ ನಡೆದು, ಅಡುಗೆಮನೆ ದಾಟಿ, ಬಾಲ್ಕನಿಯ ಬೀನ್ಸ್ ಕುಂಡಕ್ಕೆ ಕಾಲು ತಾಗಿಸಿಕೊಂಡು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಎದುರುಮನೆಯವರು ನನಗೆ ಕಣ್ಣಿನ ತೊಂದರೆಯಿದೆ ಎಂದುಕೊಂಡು ಡಾಕ್ಟರೊಬ್ಬರ ಫೋನ್ ನಂಬರ್ ಕೊಟ್ಟು ಹೋದರು.

ಹದಿನೇಳು ದಿನದಲ್ಲಿ ಹನ್ನೊಂದು ಮುಗಿದವು. ಒಂದರಲ್ಲೂ ಗೆರೆ ಇಲ್ಲ, ತೂತಿಲ್ಲ. ಹನ್ನೊಂದನ್ನೂ ಗೋಡೆಗೆ ಸಾಲಾಗಿ ಅಂಟಿಸಿ ಅತ್ತೆಯನ್ನು ಕರೆದೆ. ಅವರು ಕನ್ನಡಕ ಏರಿಸಿ, ಕೈ ಹಿಂದೆ ಕಟ್ಟಿಕೊಂಡು, ತರಕಾರಿ ಆರಿಸುವವರಂತೆ ಒಂದೊಂದನ್ನೇ ನೋಡಿದರು.

"ಜೋಡಣೆಗೆ ಹೆಸರಿಡೋ ಹಾಗಿಲ್ಲ" ಅಂದರು.

"ಮತ್ತೆ?"

"ಇದು ಒಬ್ಬಳು ಮಾಡಿದ ಹಾಗಿಲ್ಲ ಕಣೇ. ಹನ್ನೊಂದು ಜನ ಮಾಡಿ, ನೀನು ಜೋಡಿಸಿಕೊಟ್ಟ ಹಾಗಿದೆ."

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. "ನಲವತ್ತು ವರ್ಷ ಪೈಜಾಮ ಹೊಲಿದೋರಿಗೆ ಡಿಸೈನ್ ಬಗ್ಗೆ ಏನು ಗೊತ್ತು ಅತ್ತೆ?" ಎಂದುಬಿಟ್ಟೆ. ಹೇಳಬಾರದಿತ್ತು. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. "ಪೈಜಾಮಕ್ಕೆ ಎರಡು ಕಾಲಿರತ್ತೆ, ಎರಡೂ ಒಬ್ಬನದೇ ಇರತ್ತೆ" ಎಂದು ಹೇಳಿ ಟೀವಿ ನೋಡಲು ಹೋದರು. ನಾನು ಪಾತ್ರೆ ತೊಳೆಯಲು ಹೋಗಿ ಒಂದು ಲೋಟ ಒಡೆದೆ. ಉರಿದದ್ದು ಏಕೆಂದರೆ ಅವರು ಹೇಳಿದ್ದು ನಿಜವಾಗಿತ್ತು. ಕಾಡೆಲೆ ಅಂಗಡಿಯದ್ದು, ನರಿ ಯಾವುದೋ ಮಗುವಿನ ಪುಸ್ತಕದ್ದು, ಅಲೆ ಇನ್ನಾರದ್ದೋ. ಅಭ್ಯಾಸಬಲ, ಬೇರೆಯವರ ಕೈಯನ್ನು ನನ್ನ ಕೈ ಅಷ್ಟು ಚೆನ್ನಾಗಿ ಕಲಿತುಬಿಟ್ಟಿತ್ತು. ಆದರೆ ದಿನ ಉಳಿದಿರಲಿಲ್ಲ, ಹನ್ನೆರಡನೆಯದು ಇನ್ನೂ ಹುಟ್ಟಿರಲಿಲ್ಲ.

ಗುರುವಾರ ಇಡೀ ದಿನ ಖಾಲಿ ಹಾಳೆಯ ಮುಂದೆ ಕೂತೆ. ಏನೂ ಬರಲಿಲ್ಲ. ಮಗಳು ಅಡುಗೆಮನೆಯ ಪರದೆಯ ಕಡೆ ಬೆರಳು ತೋರಿಸಿದಳು. "ಅದನ್ನ ಹಾಕು."

ಆ ಪರದೆ ನಮ್ಮ ಮಿಲ್ಲಿನದೇ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಬಂದ ವಿನ್ಯಾಸ. ತಟ್ಟೆಯಗಲದ ಕೆಂಪು ಹೂವು, ಸುತ್ತ ಹಸಿರು. ಊರಿಗೆ ಊರೇ ಅದನ್ನು ಕೊಂಡಿತ್ತು. ಯಾರ ಮನೆಗೆ ಹೋದರೂ ಆ ಹೂವು ಕಿಟಕಿಯಲ್ಲಿ ನಿಂತು ನನ್ನನ್ನು ನೋಡುತ್ತಿತ್ತು. ಹೂವು ಮೇಷ್ಟ್ರದ್ದು, ಸುತ್ತಲಿನ ಹಸಿರೆಲ್ಲ ನನ್ನದು.

"ಅದು ನಂದಲ್ಲ" ಅಂದೆ.

"ಮೂರರಲ್ಲಿ ಎರಡು ಪಾಲು ನೀನೇ ಮಾಡಿದ್ದು ತಾನೆ? ಕೆಂಪನ್ನ ನೀಲಿ ಮಾಡು. ಯಾರಿಗೆ ಗೊತ್ತಾಗತ್ತೆ?"

ಅವಳನ್ನು ಬೈಯಬೇಕಾಗಿತ್ತು, ಬೈಯಲಿಲ್ಲ. ಶುಕ್ರವಾರ ಕೂತು ಮೇಷ್ಟ್ರ ಹೂವನ್ನು ನೀಲಿ ಬಣ್ಣದಲ್ಲಿ ಬರೆದೆ. ಎಷ್ಟು ಸಲೀಸಾಗಿ ಬಂತು ಅಂತೀರಿ! ಸಂಜೆ ಹೊತ್ತಿಗೆ ಮುಗಿದೇಹೋಯಿತು. ಹನ್ನೆರಡೂ ಆದವು ಎಂದು ಮಗಳು ಕುಣಿದಳು. ನನಗೆ ಮಾತ್ರ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು. ಆ ದಿನ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಬಂದು, "ಆ ಹಾಳೆಗಳನ್ನ ಪ್ಲಾಸ್ಟಿಕ್ ಚೀಲದಲ್ಲಿ ತಗೊಂಡು ಹೋಗ್ತೀಯಾ? ಕೊಡು ಇಲ್ಲಿ, ಒಂದು ಬಟ್ಟೆ ರಟ್ಟು ಹೊಲಿದುಕೊಡ್ತೀನಿ" ಅಂದರು. ಪೈಜಾಮದ ಮಾತಿಗೆ ಅವರು ಕೊಟ್ಟ ಉತ್ತರ ಅದು. ಅವರ ಮಂಚದ ಕೆಳಗೆ ತಗಡಿನ ಟ್ರಂಕೊಂದು ಇದೆ, ನಲವತ್ತು ವರ್ಷದ ತುಂಡು ಬಟ್ಟೆಗಳೆಲ್ಲ ಅದರಲ್ಲಿವೆ. ಅಜ್ಜಿಗೆ ಅರಿವೆ ಚಿಂತೆ ಅನ್ನುವ ಗಾದೆ ನಮ್ಮ ಮನೆಯಲ್ಲಿ ಅಕ್ಷರಶಃ ನಿಜ. ಇಬ್ಬರೂ ಸೇರಿ ಅದನ್ನು ಎಳೆದೆವು. ಅತ್ತೆ ದಪ್ಪ ಬಟ್ಟೆ ಹುಡುಕುತ್ತ ಒಂದೊಂದೇ ತುಂಡನ್ನು ನನ್ನ ಮಡಿಲಿಗೆ ಎಸೆದರು. ಅವುಗಳ ನಡುವೆ ಅಂಗೈಯಷ್ಟು ಅಗಲದ ಎದೆಯಿದ್ದ ಒಂದು ಪುಟ್ಟ ಫ್ರಾಕು ಬಂದು ಬಿತ್ತು.

"ಅಯ್ಯೋ, ಇದಿನ್ನೂ ಇದೆಯಾ! ನಿನ್ನ ಮಗಳಿಗೆ ವರ್ಷ ತುಂಬಿದಾಗ ಹೊಲಿದಿದ್ದು. ಆ ಅಡುಗೆಮನೆ ಪರದೆ ಹೊಲಿದು ಉಳಿದ ಚೂರುಗಳಲ್ಲಿ" ಅಂದರು ಅತ್ತೆ.

ಫ್ರಾಕನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅದರಲ್ಲಿ ಹೂವೇ ಇರಲಿಲ್ಲ. ಬರೀ ಚಿಗುರು, ಮೊಗ್ಗು, ಬಳುಕಿದ ಕಡ್ಡಿ. ಮುಂದೆಯೂ ಅದೇ, ಹಿಂದೆಯೂ ಅದೇ, ಪುಟಾಣಿ ತೋಳಿನ ಮೇಲೂ ಅದೇ.

"ಹೂ ಎಲ್ಲಿ ಹೋಯ್ತು ಅತ್ತೆ?"

"ಅಷ್ಟು ದೊಡ್ಡ ಹೂವನ್ನ ಅಷ್ಟು ಸಣ್ಣ ಮಗು ಎದೆ ಮೇಲೆ ಇಟ್ರೆ ಏನು ಚೆನ್ನಾಗಿರತ್ತೆ? ಮಗುನೇ ಕಾಣಲ್ಲ. ಹೂವೆಲ್ಲ ಕತ್ತರಿಸಿ ಬಿಸಾಕಿದೆ. ನಡುನಡುವೆ ಈ ಸಣ್ಣ ಸಣ್ಣ ಹಸಿರು ಇತ್ತಲ್ಲ, ಅದನ್ನಷ್ಟೇ ಆರಿಸಿ ಆರಿಸಿ ಜೋಡಿಸಿದೆ. ಇಪ್ಪತ್ತಾರು ಚೂರು ಇದೆ ನೋಡು ಅದರಲ್ಲಿ."

ಇಪ್ಪತ್ತಾರು ಚೂರಿನ ಹೊಲಿಗೆ ಎಲ್ಲಿದೆ ಎಂದು ಹುಡುಕಿದೆ. ಒಳಗಡೆ ತಿರುಗಿಸುವವರೆಗೆ ಒಂದೂ ಸಿಗಲಿಲ್ಲ. ಒಂದು ಚೂರಿನ ಕಡ್ಡಿ ಇನ್ನೊಂದು ಚೂರಿನ ಚಿಗುರಿಗೆ ಹೋಗಿ ಸೇರಿತ್ತು. ನಾನು ಜೋಡಿಸಿದ್ದನ್ನು ಬಿಚ್ಚಿ ಅತ್ತೆ ಮತ್ತೆ ಜೋಡಿಸಿದ್ದರು.

"ಅತ್ತೆ, ಈ ಹಸಿರು ನಾನು ಬರೆದಿದ್ದು."

ಅವರ ಬಲಗಾಲು ಒಂದು ಕ್ಷಣ ಪೆಡಲ್ ತುಳಿಯುವುದನ್ನು ನಿಲ್ಲಿಸಿತು. "ಯಾವುದು?"

"ಇದು. ಈ ಚಿಗುರು, ಈ ಮೊಗ್ಗು. ಎಲ್ಲ. ಹೂ ಮಾತ್ರ ಮೇಷ್ಟ್ರದ್ದು."

"ಇಷ್ಟು ವರ್ಷ ಬಾಯಲ್ಲಿ ಏನು ಇಟ್ಕೊಂಡಿದ್ದೆ?"

"ಹೇಳೋಕೆ ಏನಿತ್ತು? ಸಂದಿ ತುಂಬಿದ್ದು."

ಅತ್ತೆ ಫ್ರಾಕನ್ನು ನನ್ನ ಕೈಯಿಂದ ಕಿತ್ತುಕೊಂಡು, ದೂರ ಹಿಡಿದು, ಕಣ್ಣು ಅರ್ಧ ಮುಚ್ಚಿ ನೋಡಿದರು. ನನ್ನನ್ನು ಮೂರು ವಾರ ನೋಡಿ ಕಲಿತಿದ್ದರು. "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನಿನ್ನ ಕತೆ. ಇದನ್ನ ಬಿಟ್ಟು ಆ ನರಿಗೆ ಟೋಪಿ ಹಾಕ್ಕೊಂಡು ಕೂತಿದ್ದೀಯಲ್ಲೇ!" ಅಂದರು.

ನಾನು ಎದ್ದು ಹೋಗಿ ನೀಲಿ ಹೂವಿನ ಹಾಳೆಯನ್ನು ನಾಲ್ಕು ತುಂಡು ಮಾಡಿದೆ. ಮಗಳು "ಅಮ್ಮಾ!" ಎಂದು ಕಿರುಚಿದಳು. "ಸುಮ್ನಿರೇ, ಇದು ನಿನ್ನ ಮೇಲಿನ ಕೋಪ ಅಲ್ಲ" ಎಂದೆ. ಕೋಪವೇ ಇರಲಿಲ್ಲ ಆಗ. ಹಸಿವಾಗುತ್ತಿತ್ತು. ಎರಡು ದಿನದ ಊಟವನ್ನು ಒಂದೇ ಸಲ ಮಾಡಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಕೂತವಳು ಸಂಜೆ ಐದಕ್ಕೆ ಎದ್ದೆ. ಪರದೆಯನ್ನು ನೋಡಿಕೊಂಡು ಬರೆಯಲಿಲ್ಲ. ಚಿಗುರು ಕೈಗೆ ಗೊತ್ತಿತ್ತು. ದೊಡ್ಡ ಹೂವುಗಳಿದ್ದ ಜಾಗವನ್ನೆಲ್ಲ ಬಿಳಿ ಬಿಟ್ಟೆ, ಸುತ್ತಲೂ ನನ್ನ ಹಸಿರು ಬೆಳೆಯಿತು. ಮಧ್ಯಾಹ್ನ ಗಂಡ ಹಿಂದೆ ಬಂದು ನಿಂತು ನಂಬರ್ ಹೇಳಲು ಬಾಯಿ ತೆರೆದು, ಹೇಳದೆ, ಸುಮ್ಮನೆ ಹೊಸ ನೀರು ಇಟ್ಟು ಹೋದರು.

ಸೋಮವಾರ ಕಂಪನಿಯ ಉದ್ದನೆಯ ಕೋಣೆಯಲ್ಲಿ ನನ್ನ ಎದುರು ಇಬ್ಬರು ಕೂತಿದ್ದರು. ಡಿಸೈನ್ ವಿಭಾಗದ ಮುಖ್ಯಸ್ಥೆ, ಕತ್ತಿನವರೆಗೆ ಕತ್ತರಿಸಿದ ಬಿಳಿ ಕೂದಲಿನ ಮೇಡಂ. ಅವರ ಪಕ್ಕದಲ್ಲಿ ಮಾರಾಟದ ಸಾಹೇಬರು, ದುಂಡಗಿನ ಮುಖದ ಸಭ್ಯಸ್ಥ. ಅತ್ತೆ ಹೊಲಿದ ರಟ್ಟನ್ನು ಮೇಜಿನ ಮೇಲಿಟ್ಟೆ. ಮೇಡಂ ಮೊದಲು ರಟ್ಟಿನ ಹೊಲಿಗೆಯನ್ನೇ ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಹಾಳೆ ತಿರುಗಿಸಿದರು. ಕಾಡೆಲೆ, ನಿಂಬೆ, ನರಿ. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

ಹನ್ನೊಂದನೆಯ ಹಾಳೆ ಮುಗಿದಾಗ ಸಾಹೇಬರು ಮುಗುಳ್ನಕ್ಕರು. "ಜೋಡಣೆ ಬಹಳ ಚೆನ್ನಾಗಿದೆ. ನಮ್ಮಲ್ಲಿ ಇಷ್ಟು ಶುದ್ಧವಾಗಿ ಮಾಡೋರು ಯಾರೂ ಇಲ್ಲ. ಡಿಸೈನರ್ ಕೆಲಸಕ್ಕೆ... ನೋಡಿ, ಬೇರೆಯವರೂ ಬಂದಿದ್ದಾರೆ. ಆದ್ರೆ ಜೋಡಣೆ ವಿಭಾಗಕ್ಕೆ ನಾಳೆಯಿಂದಲೇ ಬನ್ನಿ. ಮಿಲ್ಲಿಗಿಂತ ಒಳ್ಳೆ ಸಂಬಳ."

ಕೆಟ್ಟ ಮಾತಲ್ಲ ಅದು. ಮನೆಯಲ್ಲಿ ಕೂತವಳಿಗೆ ಕೆಲಸ ಬಂದು ಬಾಗಿಲು ತಟ್ಟಿದಂತೆ. ಆದರೂ ನನ್ನ ಮೂಗಿನ ತುದಿ ಬಿಸಿಯಾಯಿತು. "ಬೇಡ ಸಾರ್" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಇಪ್ಪತ್ತು ವರ್ಷ ಜೋಡಿಸಿದ್ದೀನಿ. ಮೂರು ಜನ್ಮಕ್ಕೆ ಸಾಕು. ಇನ್ನೊಂದು ಹಾಳೆ ಇದೆ, ಅದನ್ನ ನೋಡಿ. ಅದೂ ಬೇಡ ಅಂದ್ರೆ ನಾನು ಹೊರಡ್ತೀನಿ."

ಮೇಡಂ ಹನ್ನೆರಡನೆಯ ಹಾಳೆ ತಿರುಗಿಸಿದರು. ನೋಡಿದರು. ಎದ್ದು, ರಟ್ಟಿನಲ್ಲಿದ್ದ ಅದರ ನಾಲ್ಕು ಪ್ರತಿಗಳನ್ನು ಗೋಡೆಗೆ ಪಿನ್ ಮಾಡಿ, ಕೋಣೆಯ ಆ ತುದಿಯವರೆಗೆ ನಡೆದು ಹೋದರು. ಬೆನ್ನು ಗೋಡೆಗೆ ತಾಗುವವರೆಗೆ ಹಿಂದೆ ಸರಿದು ಕಣ್ಣು ಅರ್ಧ ಮುಚ್ಚಿದರು. ಆಗ ನನಗೆ ಸ್ವಲ್ಪ ಧೈರ್ಯ ಬಂತು. ನಮ್ಮ ಪೈಕಿಯವರು.

"ಇದು ಆ ಕೆಂಪು ಹೂವಿನ ಪರದೆ ಅಲ್ವಾ? ನಮ್ಮಮ್ಮನ ಮನೇಲೂ ಇತ್ತು" ಅಂದರು ಅಲ್ಲಿಂದಲೇ. "ಹೂ ಎಲ್ಲಿ?"

"ಹೂ ನಂದಲ್ಲ ಮೇಡಂ. ನಮ್ಮ ಮೇಷ್ಟ್ರದ್ದು. ತೆಗೆದಿಟ್ಟೆ."

"ಅಂದ್ರೆ ಇದನ್ನ ಅರ್ಧಕ್ಕೇ ಬಿಟ್ಟಿದ್ದೀರಾ?" ಸಾಹೇಬರು ಕೇಳಿದರು.

"ಅರ್ಧ ಅಲ್ಲ ಸಾರ್. ಉಳಿದಿದ್ದೆಲ್ಲ ನಂದು."

ಅತ್ತೆ ಹೊಲಿದ ಫ್ರಾಕನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟೆ. ತೋರಿಸಬೇಕು ಎಂದು ತಂದಿರಲಿಲ್ಲ, ಧೈರ್ಯಕ್ಕೆ ತಂದಿದ್ದೆ. ಮೇಡಂ ಬಂದು ಅದನ್ನು ಎತ್ತಿಕೊಂಡರು. ನನ್ನ ಹಾಗೆಯೇ ಅವರೂ ಹೊಲಿಗೆ ಹುಡುಕಿದರು, ಸಿಗದೆ ಒಳಗಡೆ ತಿರುಗಿಸಿದರು, ಸಣ್ಣಗೆ ನಕ್ಕರು. ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದರು:

"ಹಸಿರು ನಿಮ್ಮದು, ಒಪ್ಪಿದೆ. ಆದ್ರೆ ಆ ಬಿಳಿ ಜಾಗ ಇನ್ನೂ ಅವರ ಹೂವಿನ ಆಕಾರದಲ್ಲೇ ಇದೆ. ಅದಕ್ಕೇ ನನಗೆ ಗುರುತು ಸಿಕ್ಕಿದ್ದು. ನಿಮ್ಮ ಚಿಗುರಿಗೆ ಅವರ ಹೂವಿನ ಸುತ್ತ ಮಾತ್ರ ಬೆಳೆಯೋಕೆ ಬರತ್ತಾ, ಇಲ್ಲ ತಾನಾಗಿ ಬೆಳೆಯೋಕೂ ಬರತ್ತಾ?"

ಕೆನ್ನೆಗೆ ಹೊಡೆದಂತಾಯಿತು. ನಾನು ಅದನ್ನು ಕಂಡೇ ಇರಲಿಲ್ಲ.

"ಆ ಹನ್ನೊಂದು ಹಾಳೆ ಮನೇಲೇ ಇರಲಿ" ಮೇಡಂ ಹೇಳಿದರು. "ತಿಂಗಳು ಟೈಮ್ ತಗೊಳ್ಳಿ. ಯಾರ ಹೂವೂ ಇಲ್ಲದ ಹಾಗೆ ಆರು ಮಾಡ್ಕೊಂಡು ಬನ್ನಿ. ಅಲ್ಲಿವರೆಗೆ ಈ ಕುರ್ಚಿಗೆ ಯಾರನ್ನೂ ತಗೊಳ್ಳಲ್ಲ." ಸಾಹೇಬರು ಏನೋ ಹೇಳಲು ಹೋದರು, ಮೇಡಂ ಅವರ ಕಡೆ ನೋಡಿದರು, ಅವರು ನೀರು ಕುಡಿದರು.

ಮನೆಗೆ ಬಂದು ಎಲ್ಲ ಹೇಳಿದೆ. "ಹನ್ನೆರಡು ಹೋಗಿ ಆರಾಯ್ತು. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ಹೇಳೋದು ಇದಕ್ಕೇ" ಅಂದರು ಅತ್ತೆ. ಆಮೇಲೆ ಊಟದ ಮೇಜನ್ನು ನೋಡಿ ನಿಟ್ಟುಸಿರು ಬಿಟ್ಟರು. "ಇನ್ನೊಂದು ತಿಂಗಳು ಫ್ರಿಜ್ಜಿಗೆ ಒರಗಿಕೊಂಡೇ ಊಟ ಅನ್ನು."

ಆ ತಿಂಗಳಷ್ಟು ಸುಖವಾದ ತಿಂಗಳನ್ನು ನಾನು ಕಂಡಿಲ್ಲ. ಮೊದಲ ವಾರ ಬರೆದದ್ದೆಲ್ಲ ಹಾಳು. ಚಿಗುರು ಬರೆಯುತ್ತ ಹೋದರೆ ನಡುವೆ ತಾನಾಗಿಯೇ ತಟ್ಟೆಯಗಲದ ಬಿಳಿ ಜಾಗ ಉಳಿಯುತ್ತಿತ್ತು, ಮೇಷ್ಟ್ರು ಟೀ ಮುಗಿಸಿ ಬಂದು ಕೂರಲಿ ಎಂದು ಕಾದ ಹಾಗೆ. ಒಂದು ಬೆಳಿಗ್ಗೆ ಬಾಲ್ಕನಿಗೆ ಹೋದಾಗ ಬೀನ್ಸ್ ಬಳ್ಳಿ ಕಡ್ಡಿಯನ್ನು ದಾಟಿ, ಅತ್ತೆ ಕಟ್ಟಿದ ಪಟ್ಟಿಯನ್ನೂ ದಾಟಿ, ಎದುರುಮನೆಯವರ ಬಟ್ಟೆ ಒಣಗಿಸುವ ತಂತಿಗೆ ಸುತ್ತಿಕೊಂಡಿತ್ತು. ಅದನ್ನು ನೋಡುತ್ತ ಅಲ್ಲೇ ನೆಲದ ಮೇಲೆ ಕೂತು ಬರೆದೆ. ಅದು ಮೊದಲನೆಯದು. ಉಳಿದ ಐದಕ್ಕೆ ಎರಡೂವರೆ ವಾರ ಹಿಡಿಯಿತು. ಆರನ್ನೂ ಗೋಡೆಗೆ ಅಂಟಿಸಿದಾಗ ಅತ್ತೆ ಕೈ ಹಿಂದೆ ಕಟ್ಟಿಕೊಂಡು ನೋಡಿ, "ಈಗ ಪೈಜಾಮಕ್ಕೆ ಎರಡೂ ಕಾಲು ಒಬ್ಬಳದೇ" ಅಂದರು. ಕೆಲಸ ಸಿಕ್ಕಿತು.

ಎಂಟು ತಿಂಗಳ ಮೇಲೆ ಬೀನ್ಸ್ ಬಳ್ಳಿಯದ್ದು ಬಟ್ಟೆಯಾಗಿ ಅಚ್ಚಾಯಿತು. ಮೊದಲ ಥಾನಿನಿಂದ ಐದು ಮೀಟರ್ ಕತ್ತರಿಸಿ ಮೇಡಂ ನನಗೇ ಕೊಟ್ಟರು. ಬಸ್ಸಿನಲ್ಲಿ ಅದನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದೆ. ದಾರಿಯಲ್ಲಿ ನಾಲ್ಕು ಸಲ ಅಂಚು ಬಿಡಿಸಿ ನೋಡಿದೆ. ಕಂಪನಿಯ ಹೆಸರು, ಐದು ಬಣ್ಣದ ಚುಕ್ಕೆ, ವಿನ್ಯಾಸ, ನನ್ನ ಹೆಸರು. ಅಕ್ಷರ ಸಣ್ಣದು, ಆದರೆ ಪೂರ್ತಿ ಹೆಸರು.

ಅತ್ತೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಳೆದು, ಮೂಸಿ ನೋಡಿದರು. "ಅಡುಗೆಮನೆ ಪರದೆ ಹಳೇದಾಗಿದೆ, ಇದನ್ನೇ ಹಾಕೋಣ" ಎಂದು ಟೇಪು ತೆಗೆದರು. ಕಿಟಕಿಯನ್ನು ಎರಡೆರಡು ಸಲ ಅಳೆದರು. ಮೇಜಿನ ಮೇಲೆ ಬಟ್ಟೆ ಹಾಸಿ, ಕತ್ತರಿಯನ್ನು ಕೈಗೆತ್ತಿಕೊಂಡರು. ಅವರ ಕತ್ತರಿ ಎಲ್ಲಿಂದ ಶುರುವಾಗುತ್ತದೆ ಎಂದು ನನಗೆ ಗೊತ್ತು. ಬೇಡ ಎಂದು ಹೇಳಲು ನಾಲಗೆ ಏಳಲಿಲ್ಲ, ನಲವತ್ತು ವರ್ಷದ ಕಸುಬುದಾರಳಿಗೆ ನಾನೇನು ಹೇಳುವುದು? ಪೈಜಾಮದ ಮಾತೊಂದು ಆಡಿದ್ದೇ ಸಾಕಾಗಿತ್ತು. ಹೇಗೂ ಹೆಸರು ಅಚ್ಚಾಗಿದೆ, ಬೀನ್ಸಿಗಾದರೂ ಕಟ್ಟಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಸ್ನಾನಕ್ಕೆ ಹೋದೆ. ಒಳಗಿನಿಂದ ಯಂತ್ರದ ಸದ್ದು ಕೇಳುತ್ತಿತ್ತು.

ತಲೆ ಒರೆಸಿಕೊಳ್ಳುತ್ತ ಬಂದಾಗ ಪರದೆ ಕಿಟಕಿಗೆ ಏರಿತ್ತು. ಬೆಳಕು ಅದರ ಮೂಲಕ ಹಸಿರಾಗಿ ಒಲೆಯ ಮೇಲೆ ಬೀಳುತ್ತಿತ್ತು. ಒಂದು ಬದಿಯಲ್ಲಿ, ಮೇಲಿನಿಂದ ಕೆಳಗಿನವರೆಗೆ, ಎರಡು ಬೆರಳಗಲದ ಬಿಳಿ ಪಟ್ಟಿ ಹಾಗೇ ಇತ್ತು. ಬಣ್ಣದ ಚುಕ್ಕೆಗಳಿದ್ದವು. ನನ್ನ ಹೆಸರು ಇತ್ತು, ಮೂರು ಕಡೆ.

"ಅತ್ತೆ, ಅಂಚು ಕತ್ತರಿಸ್ಲಿಲ್ವಾ?"

"ಕತ್ತರಿಸಿದ್ರೆ ಬಟ್ಟೆ ಸಾಲ್ತಿರ್ಲಿಲ್ಲ" ಅಂದರು, ನನ್ನ ಕಡೆ ನೋಡದೆ, ದಾರದ ಉಂಡೆ ಸುತ್ತುತ್ತ.

ಮೇಜಿನ ಮೇಲೆ ಒಂದೂವರೆ ಮೀಟರ್ ಬಟ್ಟೆ ಮಡಚಿ ಇಟ್ಟಿತ್ತು.

"ತೊಳೆದ ಮೇಲೆ ಸುಕ್ಕು ಬರತ್ತಲ್ಲ?"

"ಬಂದ್ರೆ ಬರಲಿ, ಇಸ್ತ್ರಿ ಹಾಕ್ತೀನಿ. ನಿಂತ್ಕೊಂಡು ಏನು ನೋಡ್ತಿದ್ದೀಯಾ, ಹೋಗಿ ಟೀ ಇಡು" ಎಂದು ಗದರಿದರು.

ನಾನು ಕಣ್ಣು ಒರೆಸಿಕೊಂಡು ಟೀ ಇಡಲು ಹೋದೆ.